ಅಜ್ಜಿಮರದ ಬುಡದ ಮಣ್ಣು

ಗಾಳಿಗೆ ಮರ ಬಿದ್ದರೆ ಅದರಲ್ಲಿ ಹೇಳುವುದಕ್ಕೇನಿದೆ? ಆದರೆ ಅವತ್ತು ಒಂದು ಎಲೆ ಅಲ್ಲಾಡುವಷ್ಟೂ ಗಾಳಿಯಿರಲಿಲ್ಲ. ಬೆಳಗಿನ ಹತ್ತೂವರೆ ಇರಬೇಕು. ಸಸಿಯಕ್ಕ ತನ್ನ ನರ್ಸರಿಯ ಹಸಿರು ಬಲೆಯ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತು, ಕಪ್ಪು ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುತ್ತಾ, ಪಕ್ಕದಲ್ಲಿ ಚಹಾ ಹೀರುತ್ತಿದ್ದ ಗಂಡನನ್ನು ಬೈಯುತ್ತಿದ್ದಳು. ನೀರಿನ ಪೈಪು ರಿಪೇರಿ ಮಾಡಿಸಿಲ್ಲ ಎಂಬುದು ಅವತ್ತಿನ ವಿಷಯ. ಬೈಗುಳ ಇನ್ನೂ ಅರ್ಧಕ್ಕೆ ಬಂದಿತ್ತು, ಬೇಲಿಯಾಚೆ ಚಟ್ ಅಂತ ಒಂದು ಸದ್ದಾಯಿತು. ಆಮೇಲೆ ಕರಕರ ಅಂತ ಇನ್ನೊಂದು. ಇಬ್ಬರೂ ತಿರುಗಿ ನೋಡುವಷ್ಟರಲ್ಲಿ ಅಜ್ಜಿಮರ ತನ್ನ ಹಚ್ಚಹಸಿರು ತಲೆಯ ಸಮೇತ ಮೆಲ್ಲಗೆ ವಾಲಿ, ಬೇಲಿಯನ್ನು ಮುರಿದುಕೊಂಡು, ಟೊಮೆಟೊ ಸಸಿಗಳ ಸಾಲಿನ ಮೇಲೆ ಅಡ್ಡಡ್ಡ ಮಲಗಿಬಿಟ್ಟಿತು.

"ಅಯ್ಯಯ್ಯೋ!" ಅಂದಳು ಸಸಿಯಕ್ಕ. ಅಷ್ಟೇ. ಊರಿನಲ್ಲಿ ಯಾರ ಬಾಯಿಗೂ ಹೆದರದ ಬಾಯಿ ಅದು.

ಗಂಡನ ಚಹಾ ಲೋಟ ಕೈಯಲ್ಲೇ ಇತ್ತು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ, ಎಂಥದ್ದಕ್ಕೂ ಸುಲಭಕ್ಕೆ ಬೆಚ್ಚುವವನಲ್ಲ. ಅವನೂ ಎದ್ದು ನಿಂತು, "ಯಾರೂ ಮುಟ್ಟಲಿಲ್ವಲ್ಲೇ... ತಾನಾಗೇ ಬಿತ್ತಲ್ಲೇ..." ಎಂದು ಎರಡೆರಡು ಸಲ ಹೇಳಿದ.

ಅಜ್ಜಿಮರ ಎಂದರೆ ಅಕೇಶಿಯಾ. ಅಂಥಾ ಮರಕ್ಕೆ ಇಷ್ಟು ಮರ್ಯಾದೆ ಯಾಕೆ ಎಂದು ಕೇಳುವವರಿಗೆ ಸಸಿಯಕ್ಕನ ಕಥೆ ಗೊತ್ತಿಲ್ಲ ಎಂದರ್ಥ. ಹದಿನೆಂಟು ವರ್ಷದ ಹಿಂದೆ, ಮುಚ್ಚಿಹೋದ ಕಲ್ಲುಕ್ವಾರಿಯ ಪಕ್ಕದ ಈ ಜಾಗದಲ್ಲಿ ನರ್ಸರಿ ಮಾಡುತ್ತೇನೆಂದು ಅವಳು ಹೊರಟಾಗ ನಗದವರಿರಲಿಲ್ಲ. ಮಣ್ಣೆನ್ನುವುದೇ ಅಲ್ಲಿರಲಿಲ್ಲ, ಕಲ್ಲುಪುಡಿ. ಅದರಲ್ಲೂ ಬದುಕುವ ಮರ ಅಕೇಶಿಯಾ ಎಂದು ಯಾರೋ ಹೇಳಿದ್ದನ್ನು ಕೇಳಿ ಬೀಜ ತಂದಳು. ಆ ಬೀಜದ ಸಿಪ್ಪೆ ಕಲ್ಲಿನಂಥದ್ದು. ಕುದಿಯುವ ನೀರನ್ನು ಒಲೆಯಿಂದಿಳಿಸಿ ಬೀಜದ ಮೇಲೆ ಸುರಿದು, ಅದೇ ನೀರಿನಲ್ಲಿ ಮಾರನೇ ದಿನದವರೆಗೆ ನೆನೆಯಲು ಬಿಟ್ಟರೆ ಮಾತ್ರ ಮೊಳಕೆ ಬರುತ್ತದೆ. ಅದನ್ನೂ ಕಲಿತಳು. ಮೊಳಕೆ ಬಂತು, ಗೇಣುದ್ದ ಬೆಳೆಯಿತು, ಆಮೇಲೆ ಎಲ್ಲವೂ ಹಳದಿಯಾಗಿ ನಿಂತುಬಿಟ್ಟವು.

ಬೇರೆ ಯಾರಾಗಿದ್ದರೂ ಕೈಚೆಲ್ಲಿ ಕೂರುತ್ತಿದ್ದರು. ಇವಳು ಬೇಲಿಯಾಚೆ ಹೋಗಿ ನೋಡಿದಳು. ಯಾರು ನೆಟ್ಟರೋ ಏನೋ, ಅಲ್ಲೊಂದು ಒಂಟಿ ಅಕೇಶಿಯಾ ನಿಂತಿತ್ತು. ಅದರ ಬುಡದಲ್ಲಿ ತಾನಾಗಿ ಹುಟ್ಟಿದ ಮರಿಗಳು ಕಡುಹಸಿರಾಗಿದ್ದವು. ಒಂದನ್ನು ಕಿತ್ತು ನೋಡಿದರೆ ಬೇರಿನ ತುಂಬ ಸಾಸಿವೆ ಗಾತ್ರದ ಗಂಟುಗಳು. ಉಗುರಿನಿಂದ ಒಂದು ಗಂಟನ್ನು ಒಡೆದಳು, ಒಳಗೆ ನಸುಗೆಂಪು. ತನ್ನ ಹಳದಿ ಸಸಿಯನ್ನು ಕಿತ್ತರೆ ಬೇರು ಬೋಳು. ಅವಳಿಗೆ ಅಷ್ಟು ಸಾಕಾಯಿತು. ಆ ಮರದ ಬುಡದ ಮಣ್ಣನ್ನು ಒಂದು ಬಾಂಡಲಿ ತುಂಬ ತಂದು ಪ್ರತಿ ಚೀಲಕ್ಕೂ ಒಂದೊಂದು ಹಿಡಿ ಹಾಕಿದಳು. ನಲವತ್ತು ದಿನಕ್ಕೆ ನರ್ಸರಿ ಹಸಿರಾಯಿತು. ಎಷ್ಟೋ ವರ್ಷದ ಮೇಲೆ ಕಾಲೇಜಿನ ಮೇಷ್ಟರೊಬ್ಬರು ಬಂದು, ಆ ಗಂಟಿನೊಳಗೆ ಸೂಕ್ಷ್ಮಾಣುಗಳಿವೆ, ಅವು ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಗೊಬ್ಬರ ಮಾಡಿಕೊಡುತ್ತವೆ ಎಂದು ವಿವರಿಸಿದಾಗ, "ಹೆಸರು ನೀವಿಟ್ಟಿದ್ದು ಸಾರ್, ಕೆಲಸ ನಾನು ಮಾಡಿದ್ದು" ಅಂದಳಂತೆ. ಅಂದಿರುತ್ತಾಳೆ, ಅನುಮಾನವೇ ಬೇಡ.

ಅಂದಿನಿಂದ ಅದು ಅಜ್ಜಿಮರ. ಅದರ ಬುಡದ ಒಂದು ಹಿಡಿ ಮಣ್ಣಿಲ್ಲದೆ ಒಂದು ಸಸಿಯೂ ಈ ನರ್ಸರಿಯ ಗೇಟು ದಾಟುವುದಿಲ್ಲ. ಮಣ್ಣನ್ನು ಜರಡಿ ಹಿಡಿಯುವಂತಿಲ್ಲ. ಬೇರಿನ ಚೂರುಗಳಿದ್ದರೇ ಒಳ್ಳೆಯದು, ಗಂಟಿರುವುದು ಅದರಲ್ಲೇ ಎಂದು ಅವಳ ಲೆಕ್ಕ. ಗಂಡ ಒಮ್ಮೆ ತಿಳಿಯದೆ ಜರಡಿ ಹಿಡಿದಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು. ಆ ಎರಡು ದಿನ ತುಂಬ ಸುಖವಾಗಿತ್ತು ಎಂದು ಅವನು ಈಗಲೂ ಹೇಳುತ್ತಾನೆ.

ಆ ಸಸಿಗಳು ಎಲ್ಲೆಲ್ಲಿ ಹೋಗಲಿಲ್ಲ! ಶಾಲೆಯ ಬೇಲಿಗೆ, ದರ್ಜಿಯ ಹಿತ್ತಿಲಿಗೆ, ಕೆರೆಯ ಏರಿಗೆ. ಕಂಬಕ್ಕೆ, ಸೌದೆಗೆ, ಸನಿಕೆ ಕಾವಿಗೆ ಅದೇ ಮರ. ಚರ್ಮ ಹದ ಮಾಡುವವರು ತೊಗಟೆಗಾಗಿ ಬಂದು ಕೇಳುತ್ತಿದ್ದರು. ಕೊನೆಗೆ ಮಗಳ ಮನೆಯ ನಿಂಬೆ ತೋಟಕ್ಕೂ ಹೋದವು. ಅದರ ವಿಷಯ ಮುಂದೆ ಬರುತ್ತದೆ.

ಮಧ್ಯಾಹ್ನ ಬಡಗಿಯಣ್ಣ ಬಂದ. ಮರ ಬಿದ್ದ ಸುದ್ದಿ ಅವನ ಕಿವಿಗೆ ಹೇಗೆ ಬೀಳುತ್ತದೋ, ಮರ ಬೀಳುವ ಮೊದಲೇ ಹೊರಟಿರುತ್ತಾನೆ ಎಂದು ಊರವರು ತಮಾಷೆ ಮಾಡುವುದುಂಟು. ಗರಗಸ ಕೆಳಗಿಟ್ಟು, ಬುಡದ ಕಡೆ ಹೋಗಿ ಬಗ್ಗಿ ನೋಡಿ, ಅಲ್ಲೇ ನಿಂತ.

"ಅಕ್ಕಾ, ಇದರ ಬೇರೆಲ್ಲಿ?"

"ಬೇರೆಲ್ಲಿ ಅಂದ್ರೆ? ಕಣ್ಣು ಕಾಣಲ್ವಾ ನಿನಗೆ?"

"ನೀವೇ ಬಂದು ನೋಡಿ."

ಅವಳು ಹೋಗಿ ನೋಡಿದಳು. ಅಷ್ಟು ದೊಡ್ಡ ಮರ ಬಿದ್ದರೆ ಬೇರಿನ ಜೊತೆ ಗಾಡಿಯಷ್ಟು ಮಣ್ಣು ಎದ್ದುಬರಬೇಕು, ಹೊಂಡವಾಗಬೇಕು. ಇಲ್ಲಿ ಹೊಂಡವೇ ಇರಲಿಲ್ಲ. ಬೇರುಗಳೆಲ್ಲ ಮೊಳದುದ್ದಕ್ಕೆ ಮುರಿದು, ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಮೆತ್ತಗಾಗಿದ್ದವು. ಬಡಗಿಯಣ್ಣ ಒಂದು ಬೇರನ್ನು ಹೆಬ್ಬೆರಳಿನಿಂದ ಒತ್ತಿದ. ಬೆರಳು ಒಳಗೇ ಹೋಯಿತು. ತೊಗಟೆ ಎತ್ತಿದರೆ ಕೆಳಗೆ ಬಿಳಿ ನೂಲು ಹಾಸಿದಂತೆ ಏನೋ ಹಬ್ಬಿಕೊಂಡಿತ್ತು. ಹಸಿ ಗೋಣಿಚೀಲದ ವಾಸನೆ ಮೂಗಿಗೆ ಬಡಿಯಿತು.

"ಮೇಲೆ ಹಸಿರಾಗೇ ಇತ್ತಲ್ಲೋ..." ಅಂದಳು.

"ಬೇರು ಕೊಳೆಸೋ ಬೂಷ್ಟು ಹಾಗೇ ಅಕ್ಕಾ. ಮೇಲೆ ಗೊತ್ತಾಗೋ ಹೊತ್ತಿಗೆ ಕೆಳಗೆ ಮುಗಿದಿರುತ್ತೆ. ದರ್ಜಿ ಹಿತ್ತಲಿನ ನಾಲ್ಕು ಮರ ಕಡಿದೆನಲ್ಲ, ಅದರಲ್ಲೂ ಇದೇ ಬಿಳಿ ನೂಲು. ಶಾಲೆ ಬೇಲಿದೂ ಹಾಗೇ. ಕೆರೆ ಏರಿ ಮೇಲಿನವೂ ಅಷ್ಟೇ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ ನಾನು."

ಗೊತ್ತಿರಲಿಲ್ಲ. ಆ ಮರಗಳು ಸತ್ತಿದ್ದು ಮಾತ್ರ ಗೊತ್ತಿತ್ತು. ಒಂದೊಂದಕ್ಕೂ ಅವಳ ಹತ್ತಿರ ಒಂದೊಂದು ಕಾರಣ ತಯಾರಿತ್ತು. ಶಾಲೆಯವರು ನೀರು ಹೆಚ್ಚು ಹಾಕಿದರು. ಕೆರೆಯವರು ಕಡಿಮೆ ಹಾಕಿದರು. ದರ್ಜಿಯ ಹೆಂಡತಿಗಂತೂ ನಡುಬೀದಿಯಲ್ಲಿ ನಿಲ್ಲಿಸಿ, "ನಿನ್ನ ಕೈಗುಣವೇ ಸರಿ ಇಲ್ಲ ಕಣಮ್ಮ, ಪ್ಲಾಸ್ಟಿಕ್ ಹೂವು ಇಟ್ಕೋ ಹೋಗು" ಎಂದಿದ್ದಳು. ಆ ಹೆಂಗಸು ಕಣ್ಣೊರೆಸಿಕೊಂಡು ಹೋಗಿದ್ದಳು. ಅದು ನೆನಪಾಗಿ ಸಸಿಯಕ್ಕನ ಮುಖ ಕಿವಿಯವರೆಗೆ ಬಿಸಿಯಾಯಿತು.

"ಇಲ್ಲಿಂದ ಅಲ್ಲಿಗೆ ಹೇಗೋ ಹೋಗುತ್ತೆ ಇದು?" ಎಂದು ಕೇಳಿದಳು.

"ಇದಕ್ಕೇನು ಕಾಲಿದೆಯಾ ನಡ್ಕೊಂಡು ಹೋಗೋಕೆ? ಕೊಳೆತ ಬೇರಿನ ಚೂರು ಮಣ್ಣಲ್ಲಿದ್ರೆ ಆಯ್ತು, ಆ ಮಣ್ಣು ಹೋದ ಕಡೆ ಹೋಗುತ್ತೆ. ನಮ್ಮ ಮಾವನ ಕಿತ್ತಳೆ ತೋಟ ಹೀಗೇ ಹೋಯ್ತು. ಯಾವುದೋ ಕೊಳೆತ ಬೊಡ್ಡೆ ತಂದು ಹೂತಿದ್ರು, ಗೊಬ್ಬರ ಆಗುತ್ತೆ ಅಂತ. ಐದು ವರ್ಷಕ್ಕೆ ಒಂದು ಗಿಡ ಉಳೀಲಿಲ್ಲ. ಕಿತ್ತಳೆ, ನಿಂಬೆ ಅಂದ್ರೆ ಇದಕ್ಕೆ ಪಂಚಪ್ರಾಣ."

ಸಸಿಯಕ್ಕ ತಿರುಗಿ ನೋಡಿದಳು. ಬಲೆಯ ನೆರಳಲ್ಲಿ ಬೆಳಗ್ಗೆ ಬಿಟ್ಟು ಬಂದ ಬಾಂಡಲಿ ಹಾಗೇ ಇತ್ತು. ಹತ್ತಿರ ಹೋಗಿ ಕೈ ಹಾಕಿ ಮಣ್ಣನ್ನು ಕೆದಕಿದಳು. ಕಂದು ಬಣ್ಣದ ಬೇರಿನ ಚೂರುಗಳು, ಅವಳೇ ಜರಡಿ ಹಿಡಿಯಬಾರದೆಂದು ಉಳಿಸಿಕೊಂಡವು. ಒಂದನ್ನು ಚಿವುಟಿದಳು. ಒಳಗೆ ಬಿಳಿ ನೂಲು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಗಂಡ ನೀರು ತಂದುಕೊಟ್ಟ. ಅವಳು ಕುಡಿಯಲಿಲ್ಲ. "ರೀ, ಮಗಳ ತೋಟಕ್ಕೆ ಎಷ್ಟು ಚೀಲ ಮಣ್ಣು ಕಳಿಸಿದ್ವಿ?" ಅಂದಳು.

ಅವನಿಗೂ ಆಗ ಹೊಳೆಯಿತು. "ಮೂರು," ಎಂದ.

ಆ ನಿಂಬೆ ತೋಟ ಬೀಗಿತ್ತಿಯದು, ಅಂದರೆ ಮಗಳ ಅತ್ತೆಯದು. ಗಂಡ ತೀರಿಕೊಂಡ ವರ್ಷ ಒಬ್ಬಳೇ ನಿಂತು ಗುಂಡಿ ತೋಡಿಸಿ ಇನ್ನೂರ ಹತ್ತು ಗಿಡ ನೆಟ್ಟು, ಅದರಲ್ಲೇ ಮಗನನ್ನು ಓದಿಸಿದ ಹೆಂಗಸು. ಈಗ ಮಗ ಸೊಸೆ ನೋಡಿಕೊಳ್ಳುತ್ತಿದ್ದರು. ಆ ಮನೆಗೆ ಬೇರೆ ದಾರಿಯಿಲ್ಲ, ಊಟ ಬಟ್ಟೆ ಎಲ್ಲವೂ ಆ ತೋಟದಿಂದಲೇ. ಎರಡು ಮೂರು ವರ್ಷದಿಂದ ಎಲೆ ಬಿಳಿಚಿಕೊಂಡು ಕಾಯಿ ಸಣ್ಣದಾಗುತ್ತಾ ಬಂದಾಗ, ಮಗಳು ಅಮ್ಮನ ವಿದ್ಯೆ ಹೇಳಿದಳು. ಸಾಲುಗಳ ನಡುವೆ ಅಕೇಶಿಯಾ ನೆಡೋಣ, ವರ್ಷಕ್ಕೆರಡು ಸಲ ಸವರಿ ಸೊಪ್ಪನ್ನು ನಿಂಬೆಯ ಬುಡಕ್ಕೆ ಹಾಸೋಣ, ಗೊಬ್ಬರ ಕೊಳ್ಳುವುದೇ ಬೇಡ ಎಂದು. ಬೀಗಿತ್ತಿ ಮೂಗು ಮುರಿದಿದ್ದರು. "ನಿಂಬೆ ಮಧ್ಯೆ ಸೌದೆ ಮರ ನೆಡ್ತಾರಾ ಯಾರಾದ್ರೂ? ನಿಮ್ಮಮ್ಮನ ಮಾತು ನಿಮ್ಮಮ್ಮನ ನರ್ಸರಿಲಿ ಇರ್ಲಿ." ವಿಷಯ ಇವಳ ಕಿವಿಗೆ ಬಿದ್ದು, ಪಿತ್ತ ನೆತ್ತಿಗೇರಿ, ಬಸ್ಸು ಹತ್ತಿ ಹೋಗಿ, ಆ ಮನೆಯ ಅಂಗಳದಲ್ಲೇ ನಿಂತು, "ಒಂದು ಗಿಡ ಕೆಟ್ರೂ ನಾನೇ ಹೊಣೆ ಬೀಗ್ರೇ, ಬರೆದಿಟ್ಕೊಳ್ಳಿ" ಎಂದು ಹೇಳಿ ಬಂದಿದ್ದಳು. ಅದಾದ ಮೇಲೆ ಅರವತ್ತು ಸಸಿ, ಜೊತೆಗೆ ಮೂರು ಚೀಲ ಅಜ್ಜಿಮರದ ಮಣ್ಣು ಹೋಗಿದ್ದು. ಅದಕ್ಕೀಗ ಎಂಟು ತಿಂಗಳು.

ಫೋನು ಮಾಡಿದಳು. ಮಗಳು ಎತ್ತಿದವಳೇ ಇವಳಿಗೆ ಬಾಯಿ ತೆರೆಯಲೂ ಬಿಡಲಿಲ್ಲ. "ಅಮ್ಮಾ! ನಾನೇ ಮಾಡ್ಬೇಕು ಅಂತಿದ್ದೆ. ನೀನೊಂದ್ಸಲ ಬಾ ಇಲ್ಲಿಗೆ. ನಿನಗೊಂದು ತೋರಿಸ್ಬೇಕು. ಏನು ಅಂತ ಫೋನಲ್ಲಿ ಹೇಳಲ್ಲ, ಬಂದೇ ನೋಡು. ಅತ್ತೆನೂ ನಿನ್ನ ದಾರಿ ಕಾಯ್ತಿದಾರೆ." ಆ ಸಂತೋಷ ಕೆಡಿಸಲು ಸಸಿಯಕ್ಕನಿಗೆ ಮನಸ್ಸು ಬರಲಿಲ್ಲ. "ನಾಳೆ ಬೆಳಗ್ಗೆ ಬರ್ತೀನಿ" ಎಂದಷ್ಟೇ ಹೇಳಿ ಇಟ್ಟಳು.

ಮಾರನೇ ದಿನ ಮೊದಲ ಬಸ್ಸಿಗೇ ಹೊರಟಳು. ಗಂಡ ಜೊತೆಗೆ ಬರುತ್ತೇನೆಂದ. ಬೇಡ ಎಂದಳು. ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕಿದಳು. ಅರವತ್ತು ಗುಂಡಿಗೆ ಒಂದೊಂದು ಹಿಡಿ ಎಂದರೆ ಒಂದು ಚೀಲವೂ ಪೂರ್ತಿ ಖರ್ಚಾಗುವುದಿಲ್ಲ. ಉಳಿದೆರಡು ಚೀಲ ಬಾಯಿ ಕಟ್ಟಿದ್ದು ಕಟ್ಟಿದ ಹಾಗೇ ಕೊಟ್ಟಿಗೆಯ ಮೂಲೆಯಲ್ಲಿರುತ್ತವೆ. ಆ ಅರವತ್ತು ಸಸಿಯನ್ನು ಬೇರುಸಮೇತ ಕಿತ್ತು, ಗುಂಡಿಯ ಮಣ್ಣು ತೆಗೆದು, ಸುಟ್ಟುಬಿಟ್ಟರೆ ಆಯಿತು. ನಿಂಬೆಯ ಬೇರಿಗೆ ಇನ್ನೂ ತಾಕಿರಲಿಕ್ಕಿಲ್ಲ. ಅವಮಾನವಾಗುತ್ತದೆ, ಆಗಲಿ. ಬೀಗಿತ್ತಿ ನಾಲ್ಕು ಮಾತು ಅನ್ನುತ್ತಾರೆ, ಅನ್ನಲಿ. ಕಾಲಿಗೆ ಬೀಳಬೇಕೆಂದರೂ ಬೀಳುತ್ತೇನೆ, ತೋಟ ಉಳಿದರೆ ಸಾಕು ಎಂದುಕೊಂಡಳು. ಜನ್ಮದಲ್ಲಿ ಯಾರ ಮುಂದೆಯೂ ತಲೆ ತಗ್ಗಿಸದವಳು ಇಷ್ಟಕ್ಕೆ ತಯಾರಾಗಿದ್ದಳು ಎಂದರೆ ಅವಳ ಗಾಬರಿ ಎಂಥದ್ದೆಂದು ನೀವೇ ಊಹಿಸಿ.

ಬಸ್ ಸ್ಟಾಪಿಗೇ ಮಗಳು ಬಂದಿದ್ದಳು. ಕೈ ಹಿಡಿದು ಎಳೆದುಕೊಂಡೇ ಹೋದಳು. ಅಳಿಯ ಕಾಯಿ ತೆಗೆದುಕೊಂಡು ಮಾರುಕಟ್ಟೆಗೆ ಹೋಗಿದ್ದಾನಂತೆ, ಈ ಸಲ ಎರಡು ಟ್ರಿಪ್ಪಂತೆ. "ಅಮ್ಮಾ, ನೀನ್ಯಾಕೆ ಹೀಗಿದೀಯಾ? ಬಸ್ಸಲ್ಲಿ ತಲೆ ತಿರುಗ್ತಾ?"

"ಏನಿಲ್ಲ. ನಾನು ನಿನ್ನ ಹತ್ರ ಒಂದು ಮಾತು..."

"ಮೊದಲು ನೋಡು, ಆಮೇಲೆ ಮಾತು."

ತೋಟದ ಬಾಗಿಲು ದಾಟಿದವಳು ನಿಂತಲ್ಲೇ ನಿಂತಳು. ನಿಂಬೆ ಗಿಡಗಳು ಇಷ್ಟು ಕಪ್ಪುಹಸಿರಾಗಿ ಇದ್ದದ್ದನ್ನು ಅವಳು ನೋಡಿಯೇ ಇರಲಿಲ್ಲ. ಎಲೆ ಹೊಳೆಯುತ್ತಿತ್ತು. ಕೊಂಬೆ ಬಾಗುವಷ್ಟು ಕಾಯಿ. ಸಾಲುಗಳ ನಡುವೆ ಅಕೇಶಿಯಾ ಎದೆಮಟ್ಟ ಬೆಳೆದಿತ್ತು, ಒಮ್ಮೆ ಸವರಿದ ಗುರುತೂ ಇತ್ತು, ಸೊಪ್ಪು ನಿಂಬೆಯ ಬುಡದಲ್ಲಿ ಹಾಸಿಕೊಂಡಿತ್ತು. ಹತ್ತಾರು ವರ್ಷ ಅವಳು ಬಾಯಿ ಬಡಿದುಕೊಂಡು ಹೇಳಿದ್ದೆಲ್ಲ ಕಣ್ಣೆದುರಿಗೆ ನಿಜವಾಗಿ ನಿಂತಿತ್ತು. ಎಷ್ಟು ಚೆಂದವಿತ್ತು! ಅವಳಿಗೆ ಅಳು ಬಂತು.

"ಬಂದ್ರಾ ಬೀಗ್ರೇ!" ಎಂದು ಬೀಗಿತ್ತಿ ಎರಡನೇ ಸಾಲಿನಿಂದ ಎದ್ದು ಬಂದರು. ಮುಖ ಅರಳಿತ್ತು. ಅಷ್ಟು ವರ್ಷದಲ್ಲಿ ಅವರು ಇವಳನ್ನು ನೋಡಿ ನಕ್ಕಿದ್ದೇ ಅಪರೂಪ. "ಸೋತೆ ಕಣ್ರೀ ನಿಮ್ಮ ಮುಂದೆ. ನಾನು ಅಂದಿದ್ದೆಲ್ಲ ವಾಪಸ್ ತಗೊಂಡೆ. ಎಲ್ಲಿ, ಕೈ ಕೊಡಿ ಇಲ್ಲಿ. ಎಂಥಾ ಕೈಗುಣ ಅಂತೀನಿ!"

ಸಸಿಯಕ್ಕನ ಕೈಯನ್ನು ತಮ್ಮೆರಡೂ ಕೈಯಲ್ಲಿ ಹಿಡಿದುಕೊಂಡರು. ಅವಳಿಗೆ ಕೈ ಎಳೆದುಕೊಳ್ಳಬೇಕೆನಿಸಿತು.

"ಬೀಗ್ರೇ, ಆ ಮಣ್ಣು... ಉಳಿದ ಎರಡು ಚೀಲ ಎಲ್ಲಿಟ್ಟಿದೀರಾ?"

ಮಗಳು ಚಪ್ಪಾಳೆ ತಟ್ಟಿ ನಕ್ಕಳು. "ನೋಡಿದ್ರಾ ಅತ್ತೆ, ಅಮ್ಮ ಅದನ್ನೇ ಕೇಳ್ತಾಳೆ ಅಂದಿರ್ಲಿಲ್ವಾ ನಾನು? ಹೇಳಿ, ಹೇಳಿ. ಅದನ್ನೇ ತೋರಿಸ್ಬೇಕು ಅಂತ ಕರೆದಿದ್ದು."

ಬೀಗಿತ್ತಿ ಸ್ವಲ್ಪ ನಾಚಿಕೊಂಡರು. "ನಿಮ್ಮ ಸಸಿ ನೆಟ್ಟು ಒಂದು ತಿಂಗಳಿಗೇ ಹಸಿರು ತಿರುಗ್ತಲ್ಲ, ಅದನ್ನ ನೋಡಿ ನನಗೆ ಆಸೆಯಾಯ್ತು. ಸೌದೆ ಮರಕ್ಕೇ ಹೀಗೆ ಮಾಡೋ ಮಣ್ಣು ನನ್ನ ನಿಂಬೆಗೆ ಏನು ಮಾಡಬಹುದು ಅಂತ. ಇವಳಿಗೂ ಹೇಳಲಿಲ್ಲ. ದಿನಾ ಹತ್ತು ಹದಿನೈದು ಗಿಡ. ಬುಡ ಬಿಡಿಸಿ, ಬೇರು ಕಾಣೋ ಹಾಗೆ ಮಾಡಿ, ಬೇರನ್ನ ಸ್ವಲ್ಪ ಕೆರೆದು, ಎರಡೆರಡು ಹಿಡಿ ಒತ್ತಿ ಒತ್ತಿ ಹಾಕಿದೆ. ಬೇರೆಯವರ ಕೈಲಿ ಮಾಡಿಸಿದ್ರೆ ನಂಬಿಕೆ ಬರಲ್ಲ ಅಂತ ನಾನೇ ಕೂತು ಮಾಡ್ದೆ. ಇನ್ನೂರ ಹತ್ತಕ್ಕೂ. ಒಂದೇ ಒಂದು ಬಿಟ್ಟಿಲ್ಲ ಬೀಗ್ರೇ."

ಸಸಿಯಕ್ಕನಿಗೆ ಆ ಮಾತು ಕೇಳಿಸಿತು, ಆದರೆ ಎಲ್ಲೋ ದೂರದಿಂದ ಬಂದಂತೆ ಕೇಳಿಸಿತು. ಬೇರನ್ನು ಕೆರೆದು. ಒತ್ತಿ ಒತ್ತಿ. ಅವಳ ಕಣ್ಣು ಒಂದು ಸಾಲಿನ ತುದಿಯಿಂದ ಇನ್ನೊಂದು ತುದಿಗೆ ಹೋಯಿತು, ಅಲ್ಲಿಂದ ಮುಂದಿನ ಸಾಲಿಗೆ. ಒಂದಾದರೂ ತಪ್ಪಿಸಿಕೊಂಡಿರಬಾರದೇ ಎಂದು ಹುಡುಕುವಂತೆ.

"ಅಮ್ಮಾ? ಮಾತಾಡೇ. ಖುಷಿ ಆಗ್ಲಿಲ್ವಾ?"

ಅವಳು ಹತ್ತಿರದ ಗಿಡದ ಬುಡದಲ್ಲಿ ಮೊಣಕಾಲೂರಿ, ಸೊಪ್ಪನ್ನು ಸರಿಸಿ, ಬರಿಗೈಯಲ್ಲೇ ಮಣ್ಣು ಬಗೆಯತೊಡಗಿದಳು. ಬೀಗಿತ್ತಿ ನಕ್ಕರು. "ಏನ್ರೀ ಇದು, ನಾನು ಸರಿಯಾಗಿ ಹಾಕಿದೀನೋ ಇಲ್ವೋ ಅಂತ ಪರೀಕ್ಷೆ ಮಾಡ್ತೀರಾ?"

ಬೇರು ಕಂಡಿತು. ಬೆಳ್ಳಗೆ, ಗಟ್ಟಿಯಾಗಿ, ನಿಂಬೆಯ ಘಮದೊಂದಿಗೆ. ಉಗುರಿನಿಂದ ತೊಗಟೆ ಎತ್ತಿ ನೋಡಿದಳು. ಏನೂ ಇರಲಿಲ್ಲ, ಶುದ್ಧವಾಗಿತ್ತು. ಅವಳಿಗೆ ಉಸಿರು ಬಂತು. ಆ ಉಸಿರಿನಲ್ಲೇ, ತಲೆಯೆತ್ತದೆ, ಎಲ್ಲವನ್ನೂ ಹೇಳಿದಳು. ಅಜ್ಜಿಮರ ಬಿದ್ದದ್ದು, ಬೇರಿಲ್ಲದ್ದು, ಬಡಗಿ ಹೇಳಿದ್ದು, ದರ್ಜಿಯ ಹಿತ್ತಿಲು, ಬಾಂಡಲಿಯ ಮಣ್ಣು, ಜರಡಿ ಹಿಡಿಯಬಾರದೆಂದು ತಾನು ಮಾಡಿದ ಹಟ. ಒಂದನ್ನೂ ಮುಚ್ಚಿಡಲಿಲ್ಲ. "ನನ್ನದೇ ತಪ್ಪು" ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ಮಗಳು ಹುಟ್ಟಿದ ಮೇಲೆ ಮೊದಲ ಸಲ ಕೇಳಿದಳು.

ಮಗಳ ಮುಖದ ನಗು ತಕ್ಷಣ ಹೋಗಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಅದು ಅಲ್ಲೇ ಉಳಿದಿತ್ತು. "ತಮಾಷೆ ಮಾಡ್ಬೇಡಮ್ಮ," ಅಂದಳು. "ಕಾಯಿ ನೋಡು, ಎಷ್ಟಿದೆ. ಎಲೆ ನೋಡು. ಕಾಯಿಲೆ ಇರೋ ಗಿಡ ಹೀಗಿರುತ್ತಾ?"

"ಅಜ್ಜಿಮರನೂ ಹೀಗೇ ಇತ್ತು ಕಣೇ."

ಬೀಗಿತ್ತಿ ಬೈಯುತ್ತಾರೆ ಎಂದು ಸಸಿಯಕ್ಕ ಕಾದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ತಮ್ಮ ಸೆರಗಿನಿಂದ ಕೈ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. "ಇಷ್ಟು ವರ್ಷ ನಂಬಲಿಲ್ಲ ನಾನು ನಿಮ್ಮನ್ನ," ಎಂದರು ಕೊನೆಗೆ, ಬಹಳ ಮೆಲ್ಲಗೆ. "ನಂಬದೇ ಇದ್ದಿದ್ರೆ ಅರವತ್ತು ಸಸಿಗೆ ಮುಗಿದುಹೋಗ್ತಿತ್ತು."

"ಈ ಗಿಡ ಚೆನ್ನಾಗಿದೆಯಲ್ಲ ಅತ್ತೆ!" ಎಂದಳು ಮಗಳು. ದನಿ ಏರಿತ್ತು. "ಅಮ್ಮ ಈಗ್ತಾನೆ ನೋಡಿದ್ಲಲ್ಲ, ಏನೂ ಇರ್ಲಿಲ್ವಲ್ಲ! ಎಲ್ಲಾ ಹೀಗೇ ಇರುತ್ತೆ. ಎಲ್ಲಾ ಹೀಗೇ ಇರುತ್ತೆ ನೋಡಿ."

ಅವಳು ಓಡಿಹೋಗಿ ಪಕ್ಕದ ಗಿಡದ ಬುಡದಲ್ಲಿ ಕೂತು ಎರಡೂ ಕೈಯಿಂದ ಮಣ್ಣು ಎಳೆದು ಎಳೆದು ಹಾಕಿದಳು. ಬಳೆಗೆ ಮಣ್ಣು ಮೆತ್ತಿತು. ಅತ್ತೆ ಹಾಕಿದ ಎರಡು ಹಿಡಿ ಕಪ್ಪು ಮಣ್ಣು ಬಂತು, ಅದರ ಕೆಳಗೆ ಬೇರು ಬಂತು. ತಾಯಿ ಮಾಡಿದಂತೆಯೇ ಉಗುರಿನಿಂದ ತೊಗಟೆ ಎತ್ತಿದಳು. ಬಹಳ ಹೊತ್ತು ಬಗ್ಗಿ ನೋಡಿದಳು.

ಆಮೇಲೆ ಆ ಬೇರನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು. "ಅಮ್ಮಾ, ಇದೇನಾ?"

ಸಸಿಯಕ್ಕ ಹತ್ತಿರ ಹೋಗಿ ನೋಡಿದಳು.

"ಹೌದು ಮಗಳೇ," ಅಂದಳು. "ಇದೇ."